“ಗಂಡಾ, ಹೆಣ್ಣಾ?” ಅಂತ ಕೇಳಿದವನಿಗೆ ನಾನೇ ಎಲ್ಲ ಹೇಳಿಬಿಟ್ಟಿದ್ದೆ

ನಮ್ಮ ಬೀಗಲ್ ನಾಯಿ ಪುಟ್ಟಿ ಕಳುವಾಗಿ ಇವತ್ತಿಗೆ 19 ದಿನ. ಬೆಳಿಗ್ಗೆ ಏಳಕ್ಕೆ, ಮೈಸೂರಿನ ನಮ್ಮ ಬಡಾವಣೆಯ ಹಾಲಿನ ಬೂತ್ ಪಕ್ಕದ ಕಂಬಿಗೆ ಅವಳನ್ನು ಕಟ್ಟಿ ಹಾಲು ತಗೊಳ್ಳೋಕೆ ಹೋದೆ. ಚಿಲ್ಲರೆಗೆ ಎರಡು ನಿಮಿಷ ತಡವಾಯಿತು, ಅಷ್ಟೇ. ತಿರುಗಿ ನೋಡಿದರೆ ಕಂಬಿಯಲ್ಲಿ ಅರ್ಧ ಬೆಲ್ಟು ನೇತಾಡ್ತಿತ್ತು. ಹಲ್ಲಲ್ಲಿ ಕಡಿದದ್ದಲ್ಲ, ಒಂದು ಎಳೆಯೂ ಬಿಡದೆ ನೇರವಾಗಿ ಕೊಯ್ದದ್ದು.

ಅದಕ್ಕೆ ನಾಲ್ಕು ದಿನ ಮೊದಲು ಸ್ಕೂಟರಿನ ಹುಡುಗನೊಬ್ಬ ಗೇಟಿನ ಹತ್ತಿರ ನಿಂತು ಮಾತಾಡಿಸಿದ್ದ. “ಎಷ್ಟು ಮುದ್ದಾಗಿದೆ ಆಂಟಿ! ಗಂಡಾ, ಹೆಣ್ಣಾ? ಆಪರೇಷನ್ ಆಗಿದೆಯಾ?” ನಾಯಿಯನ್ನು ಹೊಗಳಿದರೆ ನನ್ನ ಬಾಯಿಗೆ ಬೀಗವಿಲ್ಲ. ಹೆಣ್ಣು, ಎರಡು ವರ್ಷ, ಮರಿಯಾಗದ ಹಾಗೆ ಮಾಡೋ ಆಪರೇಷನ್ ಇನ್ನೂ ಆಗಿಲ್ಲ, ಬಿಸ್ಕತ್ತು ತೋರಿಸಿದರೆ ಯಾರ ಹಿಂದೆಯಾದರೂ ಹೋಗ್ತಾಳೆ, ಎಲ್ಲ ಒಪ್ಪಿಸಿದೆ. ಅವನೇ ಕದ್ದ ಅಂತ ಹೇಳಲಾರೆ. ಆದರೆ ಮರಿ ಹಾಕಿಸಿ ಮಾರುವವರಿಗೆ ಬೇಕಾದದ್ದು ಇಷ್ಟೇ ತಾನೆ?

ಠಾಣೆಯಲ್ಲಿ ಕೇಳಿದ ಮೊದಲ ಪ್ರಶ್ನೆ, “ಬೆಲೆ ಎಷ್ಟಮ್ಮ? ರಸೀದಿ ಇದೆಯಾ?” ನನಗೆ ಸಿಟ್ಟು ಬಂತು. ಆಮೇಲೆ ಪರಿಚಯದ ವಕೀಲರು ಬಿಡಿಸಿ ಹೇಳಿದರು: ಭಾರತೀಯ ನ್ಯಾಯ ಸಂಹಿತೆಯ ಕಲಂ 303ರಲ್ಲಿ ನಾಯಿ ಕದ್ದರೂ ಕಳ್ಳತನವೇ, ಆದರೆ 5,000 ರೂಪಾಯಿಯ ಒಳಗಿನ ಮಾಲು ಅಂದರೆ ಕೇಸು ಸಡಿಲವಾಗುತ್ತೆ. ರಸೀದಿ, ಲಸಿಕೆ ಕಾರ್ಡು, ನಾಯಿ ಜೊತೆ ನೀವೂ ಇರುವ ಫೋಟೊ ಒಂದೇ ಕವರಿನಲ್ಲಿಡಿ. ನಾಯಿಯ ಚರ್ಮದಡಿ ಗುರುತಿನ ಚಿಪ್ ಹಾಕಿಸಿದ್ದರೆ ಅದರ 15 ಅಂಕಿಯ ನಂಬರನ್ನೂ. ನಾನು ಹಾಕಿಸಿದ್ದೆ, ನಂಬರಿನ ಸ್ಟಿಕ್ಕರ್ ಮನೆ ಬದಲಿಸುವಾಗ ಎಲ್ಲೋ ಹೋಯಿತು. ಅಂದಹಾಗೆ ಅಕ್ಕಿಕಾಳಿನಷ್ಟಿರುವ ಆ ಚಿಪ್ ನಾಯಿ ಎಲ್ಲಿದೆ ಅಂತ ತೋರಿಸೋದಿಲ್ಲ. ಸ್ಕ್ಯಾನರ್ ಹಿಡಿದರೆ ನಂಬರು ಹೇಳುತ್ತೆ, ಅಷ್ಟೇ.

ಪೋಸ್ಟರ್ ಅಂಟಿಸಿದ ಮೇಲೆ ಎರಡನೇ ಪೆಟ್ಟು. “ನಿಮ್ಮ ನಾಯಿ ಮಂಡ್ಯದಲ್ಲಿದೆ, ಪೆಟ್ರೋಲಿಗೆ 2,000 ಹಾಕಿ” ಅಂತ ಫೋನು. ಫೋಟೊನೂ ಕಳಿಸಿದ. ಹಾಕಿದೆ. ರಾತ್ರಿ ಫೋಟೊ ದೊಡ್ಡದು ಮಾಡಿ ನೋಡಿದರೆ ಮೂಲೆಯಲ್ಲಿ ನಮ್ಮದೇ ಮೆಟ್ಟಿಲು, ನಾನೇ ಬಿಟ್ಟ ರಂಗೋಲಿ. ನನ್ನ ಪೋಸ್ಟರಿನದೇ ಫೋಟೊ!

ಪುಣ್ಯಕ್ಕೆ ಪುಟ್ಟಿಯ ಮೈಮೇಲಿನ ಒಂದು ಗುರುತನ್ನು ಪೋಸ್ಟರಿನಲ್ಲಿ ಹಾಕಿರಲಿಲ್ಲ. ಇಲ್ಲೂ ಹೇಳಲ್ಲ. ಮೊನ್ನೆ ಇನ್ನೊಬ್ಬ ಫೋನ್ ಮಾಡಿ, ನಾಯಿ ಎದುರಿಗೇ ಇದೆ, ಮುಂಗಡ ಕಳಿಸಿ ಅಂದ. ಆ ಗುರುತು ಯಾವುದು, ನೋಡಿ ಹೇಳಪ್ಪ ಅಂದೆ.

“ಕತ್ತಲು ಮೇಡಂ, ಏನೂ ಕಾಣ್ತಿಲ್ಲ.”

ಆಗ ಮಧ್ಯಾಹ್ನ ಹನ್ನೆರಡೂವರೆ.