ಕಿರುಗಾತ್ರದ ಸತ್ಯವೇದ: ದೇವಭಯದ ಓದಿಗೆ ಒದಗಿದ ಪ್ರತಿ

ದೇವಭಯವೆಂದರೇನೆಂದು ಅರಿಯಲೆಂದೇ ಕೊಂಡ ಈ ಕಿರುಗಾತ್ರದ ಕನ್ನಡ ಸತ್ಯವೇದವನ್ನು (ಬೈಬಲನ್ನು) ಮೂರು ತಿಂಗಳಿಂದ ಓದುತ್ತಿದ್ದೇನೆ. ಅದರಲ್ಲಿನ ಜ್ಞಾನೋಕ್ತಿಗಳು ಎಂಬ ಪುಸ್ತಕದ 1:7ನೆಯ ವಚನ ದೇವರಾದ ಯೆಹೋವನ ಭಯವನ್ನು ತಿಳುವಳಿಕೆಯ ಮೂಲವೆನ್ನುತ್ತದೆ. ಅಲ್ಲಿನ ಹೀಬ್ರೂ ಪದಕ್ಕೆ ಹೆದರಿಕೆಯಷ್ಟೇ ಅಲ್ಲದೆ ಪೂಜ್ಯಭಾವವೆಂಬ ಅರ್ಥವೂ ಇದ್ದು, ನಮ್ಮ ‘ಭಯಭಕ್ತಿ’ ಎಂಬ ಜೋಡುನುಡಿ ಅದನ್ನು ಬಹುಮಟ್ಟಿಗೆ ಹಿಡಿದಿಡುತ್ತದೆ. ಅಡಿಯಲ್ಲಿ ಕೊಟ್ಟಿರುವ ಸಮಾನ ವಚನಗಳ ಸೂಚನೆಗಳೇ ಈ ಪ್ರತಿಯ ದೊಡ್ಡ ಬಲ. ಭಯದಿಂದ ನಡುಗುತ್ತ ರಕ್ಷಣೆಯನ್ನು ಸಾಧಿಸಿಕೊಳ್ಳಬೇಕೆನ್ನುವ ಫಿಲಿಪ್ಪಿ 2:12ನ್ನೂ, ಪೂರ್ಣಪ್ರೀತಿಯು ಭಯವನ್ನು ಹೊರಗಟ್ಟುತ್ತದೆನ್ನುವ 1 ಯೋಹಾನ 4:18ನ್ನೂ ಜೊತೆಗಿಟ್ಟು ಓದಿದಾಗ, ಮೊದಲನೆಯದರಲ್ಲಿನ ಭಯ ಮಕ್ಕಳಿಗೆ ತಂದೆಯ ಮೇಲಿರುವ ಗೌರವವೆಂದೂ ಎರಡನೆಯದರಲ್ಲಿನ ಭಯ ದಂಡನೆಯ ಅಂಜಿಕೆಯೆಂದೂ ನನಗೆ ಹೊಳೆಯಿತು. ಹೊಲಿಗೆ ಗಟ್ಟಿಯಾಗಿದೆ. ಅಕ್ಷರ ಮಾತ್ರ ತೀರ ಚಿಕ್ಕದು. ಸಂಜೆಯ ಪ್ರಾರ್ಥನೆಗೆ ನಮ್ಮ ತಾಯಿಯವರು ಇಂದಿಗೂ ಹಳೆಯ ದಪ್ಪ ಪ್ರತಿಯನ್ನೇ ತೆರೆಯುತ್ತಾರೆ.