ಉಪ್ಪುಗಾಳಿಯಲ್ಲಿ ಐದು ವರ್ಷ ಎಂ1 ಏರ್: ಮುಂದಿನ ಚಿಪ್‌ಗೆ ಕಾಯಬೇಕೇ?

ಮಾದರಿ: ಆಪಲ್‌ನ ಮ್ಯಾಕ್‌ಬುಕ್ ಏರ್ ಲ್ಯಾಪ್‌ಟಾಪ್, ಎಂ1 ಚಿಪ್, 8 ಜಿಬಿ ಮೆಮೊರಿ, 256 ಜಿಬಿ ಸ್ಟೋರೇಜ್. 2020ರ ನವೆಂಬರ್ 10ರಂದು ಘೋಷಣೆಯಾದದ್ದು, ಆಗಿನ ಬೆಲೆ 92,900 ರೂಪಾಯಿ. ಬಳಕೆ ಸುರತ್ಕಲ್‌ನಲ್ಲಿ, ಕಡಲಿಗೆ ಒಂದು ಕಿಲೋಮೀಟರ್ ಒಳಗೆ, ಎಸಿ ಇಲ್ಲದ ಕೋಣೆಯಲ್ಲಿ. ಕೆಲಸ ಕೋಡ್ ಬರೆಯುವುದು, ಕನ್ನಡ ಪುಟವಿನ್ಯಾಸ, ವಿಡಿಯೊ ಕರೆ. "ಎಂ5 ಏರ್‌ಗೆ ಕಾಯುವುದಾ, ಈಗಲೇ ತಗೊಳ್ಳುವುದಾ" ಎಂದು ಕೇಳುವವರು ಬಹಳ. ಉತ್ತರ ಬೆಂಗಳೂರಿಗೆ ಒಂದು, ನಮ್ಮ ಕರಾವಳಿಗೆ ಇನ್ನೊಂದು. ಹಾಗಾಗಿ ಮೊದಲು ಸೆಖೆಯ ವಿಷಯ.

ಏರ್‌ನಲ್ಲಿ ಫ್ಯಾನ್ ಇಲ್ಲ. ಚಿಪ್‌ನ ಬಿಸಿ ಒಂದು ಅಲ್ಯುಮಿನಿಯಂ ತಗಡಿಗೆ ಹರಡಿ, ಅಲ್ಲಿಂದ ಮೈಗೆ ಬಂದು ಗಾಳಿಗೆ ಸೇರಬೇಕು. ಎಷ್ಟು ಬಿಸಿ ಹೊರಹೋಗುತ್ತದೆ ಎಂಬುದು ಮೈಯ ಉಷ್ಣತೆಗೂ ಕೋಣೆಯ ಉಷ್ಣತೆಗೂ ಇರುವ ಅಂತರದ ಮೇಲೆ ನಿಂತಿದೆ. ಮೈ 44 ಡಿಗ್ರಿ ಇದ್ದು ಕೋಣೆ 24 ಇದ್ದರೆ ಅಂತರ 20. ಏಪ್ರಿಲ್ ಮಧ್ಯಾಹ್ನ ಇಲ್ಲಿನ ಕೋಣೆ 33 ಮುಟ್ಟಿದಾಗ ಅದೇ ಮೈಗೆ ಉಳಿಯುವ ಅಂತರ 11. ಅಂದರೆ ಹೊರಹೋಗುವ ಬಿಸಿ ಹತ್ತಿರ ಹತ್ತಿರ ಅರ್ಧಕ್ಕೆ ಇಳಿಯಿತು. ಚಿಪ್ ಆಗ ತನ್ನ ವೇಗವನ್ನು ತಾನೇ ತಗ್ಗಿಸಿಕೊಳ್ಳುತ್ತದೆ. ಎಸಿ ಹಾಕಿದ ಕೋಣೆಯಲ್ಲಿ ಮಾಡಿದ ಪರೀಕ್ಷೆಯ ಅಂಕಗಳು ನಮಗೆ ಹೊಂದದಿರುವುದು ಇದೇ ಕಾರಣಕ್ಕೆ.

ದಿನದ ಕೆಲಸದಲ್ಲಿ ಇದು ಗೊತ್ತಾಗುವುದೇ ಇಲ್ಲ. ಬ್ರೌಸರ್, ಟೈಪಿಂಗ್, ಚಿಕ್ಕ ಪ್ರಾಜೆಕ್ಟ್ ಬಿಲ್ಡ್ (ಕೋಡನ್ನು ಓಡುವ ಪ್ರೋಗ್ರಾಂ ಮಾಡುವುದು) ಎಲ್ಲವೂ ಕೆಲವೇ ಸೆಕೆಂಡಿನ ಹೊರೆ. ಅಷ್ಟು ಹೊತ್ತಿಗೆ ಮೈ ಬಿಸಿಯಾಗುವುದಿಲ್ಲ. ತೊಂದರೆ ಕಾಣುವುದು ಹತ್ತು ನಿಮಿಷ ಮೀರಿದ ಕೆಲಸದಲ್ಲಿ: ಉದ್ದದ ವಿಡಿಯೊ ಎಕ್ಸ್‌ಪೋರ್ಟ್, ದೊಡ್ಡ ಬಿಲ್ಡ್, ಸ್ಕ್ರೀನ್ ಶೇರ್ ಮಾಡಿಕೊಂಡು ಒಂದು ಗಂಟೆಯ ಕರೆ. ಪರಿಹಾರ ಸುಲಭದ್ದು. ಹಾಸಿಗೆ, ದಿಂಬಿನ ಮೇಲೆ ಇಡಬೇಡಿ. ಹಿಂದಿನ ಅಂಚನ್ನು ಎರಡು ಇಂಚು ಎತ್ತಿ, ಅಡಿಯಿಂದ ಗಾಳಿ ಹೋಗುವ ಲೋಹದ ಸ್ಟ್ಯಾಂಡ್ ಕೊಡಿ, ಸೀಲಿಂಗ್ ಫ್ಯಾನ್ ಅಡಿಯಲ್ಲಿ ಕೂರಿ. ಅಲುಗಾಡದ ಗಾಳಿಗಿಂತ ಬೀಸುವ ಗಾಳಿ ಎಷ್ಟೋ ಹೆಚ್ಚು ಬಿಸಿ ಎಳೆಯುತ್ತದೆ. ಎಕ್ಸ್‌ಪೋರ್ಟ್‌ನಂಥದ್ದನ್ನು ರಾತ್ರಿ ಹತ್ತರ ಮೇಲೆ ಹಾಕಿದರೆ ಇನ್ನೂ ಒಳ್ಳೆಯದು.

ಫ್ಯಾನ್ ಇಲ್ಲದ್ದು ಇಲ್ಲಿ ಒಂದು ದೊಡ್ಡ ಲಾಭ ಕೂಡ. ಫ್ಯಾನ್ ಇರುವ ಲ್ಯಾಪ್‌ಟಾಪ್ ದಿನವಿಡೀ ಉಪ್ಪು ಬೆರೆತ ತೇವದ ಗಾಳಿಯನ್ನು ಒಳಗೆ ಎಳೆಯುತ್ತದೆ. ದೂಳು, ಉಪ್ಪು, ತೇವ ಮೂರೂ ಸೇರಿ ಬಿಸಿ ಹೊರಹಾಕುವ ಹೀಟ್‌ಸಿಂಕ್‌ನ ತೆಳು ಎಲೆಗಳ ನಡುವೆ ಮೆತ್ತಗಿನ ಹಿಟ್ಟಿನ ಹಾಗೆ ಕಟ್ಟಿಕೊಳ್ಳುತ್ತವೆ. ಬ್ಲೋವರ್ ಹಾಕಿದರೆ ಅದು ಹಾರುವುದಿಲ್ಲ. ಅಡಿಯ ತಗಡು ಬಿಚ್ಚಿ, ಫ್ಯಾನ್ ಕಳಚಿ, ಬ್ರಷ್‌ನಿಂದಲೇ ತೆಗೆಯಬೇಕು. ಪಣಂಬೂರು, ಮಲ್ಪೆ, ಉಳ್ಳಾಲದ ಕಡಲಂಚಿನ ಮನೆಗಳಲ್ಲಿ ವರ್ಷಕ್ಕೊಮ್ಮೆ, ಮಳೆಗಾಲ ಮುಗಿದ ಕೂಡಲೇ, ಈ ಕೆಲಸ ಮಾಡಿಸಿದರೆ ಒಳ್ಳೆಯದು. ಮಣಿಪಾಲದ ಗುಡ್ಡದ ಮೇಲೆ ಉಪ್ಪು ಕಡಿಮೆ, ಎರಡು ವರ್ಷಕ್ಕೊಮ್ಮೆ ಸಾಕು. ಏರ್‌ಗೆ ಈ ಖರ್ಚೇ ಇಲ್ಲ.

ಆದರೆ ಪೋರ್ಟ್‌ಗಳಿಗೆ ಉಪ್ಪಿನಿಂದ ತಪ್ಪಿಸಿಕೊಳ್ಳಲು ಆಗುವುದಿಲ್ಲ, ಅದು ಯಾವ ಕಂಪನಿಯದೇ ಆಗಲಿ. ಟೈಪ್-ಸಿ ಪೋರ್ಟ್‌ನ ನಡುವಿನ ನಾಲಿಗೆಯನ್ನು ಟಾರ್ಚ್ ಹಾಕಿ ನೋಡಿ. ಬಂಗಾರದ ಬಣ್ಣದ ಗೆರೆಗಳ ಬುಡದಲ್ಲಿ ಸಾಸಿವೆಗಿಂತ ಚಿಕ್ಕದಾಗಿ ಹಸಿರು ಚುಕ್ಕೆ ಕಂಡರೆ ಅದು ಕಿಲುಬು, ಹಿತ್ತಾಳೆ ದೀಪಕ್ಕೆ ಹಿಡಿಯುವಂಥದ್ದೇ. ಕೇಬಲ್ ಒಂದು ಕಡೆ ತಿರುಗಿಸಿದರೆ ಚಾರ್ಜ್ ಆಗುತ್ತದೆ, ಇನ್ನೊಂದು ಕಡೆ ಆಗುವುದಿಲ್ಲ ಎಂಬುದು ಇದರ ಮೊದಲ ಲಕ್ಷಣ. ಲ್ಯಾಪ್‌ಟಾಪ್ ಪೂರ್ತಿ ಆಫ್ ಮಾಡಿ, ಚಾರ್ಜರ್ ತೆಗೆದು, 99% ಐಸೊಪ್ರೊಪೈಲ್ ಆಲ್ಕೊಹಾಲ್‌ನಲ್ಲಿ ಅದ್ದಿ ಹಿಂಡಿದ ಮೆತ್ತನೆಯ ನೈಲಾನ್ ಬ್ರಷ್‌ನಿಂದ ಉಜ್ಜಿ, ಅರ್ಧ ಗಂಟೆ ಒಣಗಲು ಬಿಡಿ. ಪಿನ್, ಸೂಜಿ ಹಾಕಬೇಡಿ. ಕೇಬಲ್‌ನ ತುದಿಯನ್ನೂ ಒರೆಸಿ, ಕಿಲುಬು ಒಂದರಿಂದ ಇನ್ನೊಂದಕ್ಕೆ ದಾಟುತ್ತದೆ.

ಮಳೆಗಾಲದಲ್ಲಿ ಹೆಚ್ಚು ಅಪಾಯ ಮಳೆಯಿಂದಲ್ಲ, ಎಸಿಯಿಂದ. ಈ ಮಾದರಿಗೆ ಕಂಪನಿ ಕೊಟ್ಟ ಮಿತಿ 10ರಿಂದ 35 ಡಿಗ್ರಿ, 90% ತನಕ ತೇವಾಂಶ, ಅದೂ ಹನಿಗಟ್ಟದಂತೆ. ಜೂನ್, ಜುಲೈಯಲ್ಲಿ ಇಲ್ಲಿನ ಗಾಳಿ 24, 25 ಡಿಗ್ರಿಗೆ ತಣಿದರೆ ಸಾಕು, ಹನಿಗಟ್ಟಲು ಶುರುವಾಗುತ್ತದೆ. 20 ಡಿಗ್ರಿಯ ಆಫೀಸಿನಿಂದ ತಣ್ಣಗಿನ ಲೋಹದ ಲ್ಯಾಪ್‌ಟಾಪ್ ಹೊರತಂದು ಬಸ್‌ಸ್ಟ್ಯಾಂಡ್‌ನಲ್ಲಿ ತೆರೆದರೆ, ಫ್ರಿಜ್‌ನಿಂದ ತೆಗೆದ ನೀರಿನ ಬಾಟಲಿಯ ಹಾಗೆ ಮೈಯೆಲ್ಲ ಬೆವರುತ್ತದೆ, ಒಳಗಿನ ಬೋರ್ಡ್ ಸಹ. ಬ್ಯಾಗ್‌ನ ಜಿಪ್ ಹಾಕಿಯೇ ಅರ್ಧ ಗಂಟೆ ಬಿಟ್ಟು ಆಮೇಲೆ ತೆಗೆಯಿರಿ. ಆಟಿ ತಿಂಗಳ ಮಳೆಯಲ್ಲಿ ವಾರಗಟ್ಟಲೆ ಬಳಸದೆ ಇಡುವುದಾದರೆ ಹಪ್ಪಳದ ಡಬ್ಬಿಯ ಲೆಕ್ಕವೇ ಇದಕ್ಕೂ: ಗಾಳಿಯಾಡದ ಪೆಟ್ಟಿಗೆ, ಒಳಗೆ 100 ಗ್ರಾಂ ಸಿಲಿಕಾ ಜೆಲ್, ಬ್ಯಾಟರಿ ಅರ್ಧದಷ್ಟು ಚಾರ್ಜ್. ಕಿತ್ತಳೆ ಬಣ್ಣದ ಜೆಲ್ ತನ್ನಿ. ನೀಲಿಯದರಲ್ಲಿ ಕೋಬಾಲ್ಟ್ ಇರುತ್ತದೆ, ಅದನ್ನು ಅಡುಗೆಯ ಬಾಣಲೆಯಲ್ಲಿ ಹುರಿದು ಒಣಗಿಸಲೇಬಾರದು.

ಚಾರ್ಜ್‌ಗೆ ಹಾಕಿದಾಗ ಮೈ ಮುಟ್ಟಿದರೆ ಜುಮ್ ಎನ್ನುವುದು ಲೋಹದ ಮೈಯ ಬಹುತೇಕ ಲ್ಯಾಪ್‌ಟಾಪ್‌ಗಳ ವಿಷಯ. ಎರಡು ಪಿನ್‌ನ ಅಡಾಪ್ಟರ್‌ನಲ್ಲಿ ಅರ್ತ್ ಇಲ್ಲ, ಒಳಗಿನ ಕೆಪಾಸಿಟರ್ ಮೂಲಕ ಬಹಳ ಸಣ್ಣ ಪ್ರಮಾಣದ ಕರೆಂಟು ಮೈಗೆ ಬರುತ್ತದೆ. ಮಳೆಗಾಲದ ಒದ್ದೆ ನೆಲದಲ್ಲಿ ಬರಿಗಾಲಲ್ಲಿ ಕೂತರೆ ಚೆನ್ನಾಗಿ ಗೊತ್ತಾಗುತ್ತದೆ. ಅರ್ತ್ ಇರುವ ಮೂರು ಪಿನ್‌ನ ಎಕ್ಸ್‌ಟೆನ್ಶನ್ ಕೇಬಲ್ ಹಾಕಿದರೆ ನಿಲ್ಲುತ್ತದೆ. ನಿಲ್ಲದಿದ್ದರೆ ಮನೆಯ ಅರ್ತಿಂಗ್ ಪರೀಕ್ಷೆ ಮಾಡಿಸಿ. ನಮ್ಮ ಮುರಕಲ್ಲಿನ ನೆಲ ಬೇಸಿಗೆಯಲ್ಲಿ ಒಣಗಿ ಅರ್ತ್ ಗುಂಡಿ ಕೆಲಸ ಮಾಡದಿರುವುದು ಸಾಮಾನ್ಯ, ಆಗಾಗ ನೀರು ಹೊಯ್ಯಬೇಕು. ಗುಡುಗು ಕೇಳಿದರೆ ಪ್ಲಗ್ ತೆಗೆಯಿರಿ, ಕೇಬಲ್ ಇಂಟರ್‌ನೆಟ್‌ನ ವಯರನ್ನೂ.

ಬ್ಯಾಟರಿ ಹೊಸದರಲ್ಲಿ 49.9 ವಾಟ್-ಅವರ್, 1,000 ಚಾರ್ಜ್ ಸೈಕಲ್‌ಗೆ ಮಾಡಿದ್ದು. ಐದು ವರ್ಷಕ್ಕೆ 600 ದಾಟಿದೆ, ಈಗಲೂ ಬರವಣಿಗೆಗೆ ಇಡೀ ಹಗಲು ಬರುತ್ತದೆ. ಸೆಖೆಯಲ್ಲಿ 100% ತುಂಬಿಸಿ ಸದಾ ಪ್ಲಗ್‌ನಲ್ಲಿಡುವುದು ಬ್ಯಾಟರಿಯನ್ನು ಬೇಗ ಮುದಿ ಮಾಡುತ್ತದೆ. ಟ್ರ್ಯಾಕ್‌ಪ್ಯಾಡ್ ಒತ್ತಲು ಬಿಗಿಯಾದರೆ ಅಥವಾ ಮುಚ್ಚಳ ಸಮ ಕೂರದಿದ್ದರೆ ಬ್ಯಾಟರಿ ಊದಿದೆ ಎಂದು ತಿಳಿದು ಆವತ್ತೇ ಬಳಕೆ ನಿಲ್ಲಿಸಿ.

ನಿಜವಾಗಿ ಇಕ್ಕಟ್ಟಾದದ್ದು 8 ಜಿಬಿ. ಬ್ರೌಸರ್‌ನಲ್ಲಿ ಇಪ್ಪತ್ತು ಟ್ಯಾಬ್, ಒಂದು ಮೀಟಿಂಗ್, ಪುಟವಿನ್ಯಾಸದ ಇನ್‌ಡಿಸೈನ್ ಮೂರೂ ತೆರೆದರೆ ಆಕ್ಟಿವಿಟಿ ಮಾನಿಟರ್‌ನ ಮೆಮೊರಿ ಪ್ರೆಶರ್ ಹಳದಿಗೆ ಬರುತ್ತದೆ, ಸ್ವಾಪ್ (ಮೆಮೊರಿ ಸಾಲದೆ ಸ್ಟೋರೇಜ್ ಬಳಸುವುದು) ಬೆಳೆಯುತ್ತದೆ. ಮೆಮೊರಿ ಎಂ1 ಚಿಪ್‌ನ ಜೊತೆಗೇ ಕೂತಿದೆ, ಸ್ಟೋರೇಜ್ ಬೋರ್ಡ್‌ಗೆ ಬೆಸೆದಿದೆ. ಎರಡನ್ನೂ ಬದಲಿಸಲು ಆಗದು. ಸ್ಟೋರೇಜ್ ಕೆಟ್ಟರೆ ಫೈಲುಗಳೂ ಹೋದವು, ಹಾಗಾಗಿ ಹೊರಗಿನ ಎಸ್‌ಎಸ್‌ಡಿಗೆ ಟೈಮ್ ಮೆಷಿನ್ ಬ್ಯಾಕಪ್ ಕಡ್ಡಾಯ. ಹಾಕಬಹುದಾದ ಹೊರಗಿನ ಮಾನಿಟರ್ ಕೂಡ ಒಂದೇ.

ಕನ್ನಡದ ಕೆಲಸ ಮಾಡುವವರಿಗೆ: ಯುನಿಕೋಡ್‌ಗೆ ಕೀಲಿಮಣೆ ಸಿಸ್ಟಂನಲ್ಲೇ ಇದೆ. ಇನ್‌ಡಿಸೈನ್‌ನಲ್ಲಿ ಒತ್ತಕ್ಷರ ಚದುರಿದರೆ ಪ್ಯಾರಾಗ್ರಾಫ್ ಮೆನುವಿನಲ್ಲಿ ವರ್ಲ್ಡ್-ರೆಡಿ ಕಂಪೋಸರ್ ಆಯ್ದುಕೊಳ್ಳಿ, ಸರಿಯಾಗುತ್ತದೆ. ಹಳೆಯ ನುಡಿ, ಬರಹದ ಆಸ್ಕಿ ಫೈಲುಗಳನ್ನು ವಿಂಡೋಸ್‌ನಲ್ಲಿ ಯುನಿಕೋಡ್‌ಗೆ ತಿರುಗಿಸಿಯೇ ತನ್ನಿ. ಎಂ ಸರಣಿಯಲ್ಲಿ ಮ್ಯಾಕ್‌ಗೇ ವಿಂಡೋಸ್ ಹಾಕುವ ಬೂಟ್ ಕ್ಯಾಂಪ್ ಇಲ್ಲ. ಟ್ಯಾಲಿ ಬೇಕಾದ ಲೆಕ್ಕಪರಿಶೋಧಕರು, ಸಾಲಿಡ್‌ವರ್ಕ್ಸ್ ಬೇಕಾದ ಮೆಕ್ಯಾನಿಕಲ್ ವಿದ್ಯಾರ್ಥಿಗಳು ಇದನ್ನು ತಗೊಳ್ಳಬೇಡಿ, ಎನ್‌ಐಟಿಕೆ ಆಗಲಿ ಮಣಿಪಾಲ ಆಗಲಿ.

ಈಗ ಮುಂದಿನದು. ಎಂ2 ಏರ್ 2022ರ ಜುಲೈ, ಎಂ3 ಏರ್ 2024ರ ಮಾರ್ಚ್, ಎಂ4 ಏರ್ 2025ರ ಮಾರ್ಚ್. 2025ರ ಅಕ್ಟೋಬರ್‌ನಲ್ಲಿ, ಲ್ಯಾಪ್‌ಟಾಪ್‌ಗಳ ಪೈಕಿ, ಎಂ5 ಮೊದಲಿಗೆ 14 ಇಂಚಿನ ಮ್ಯಾಕ್‌ಬುಕ್ ಪ್ರೊಗೆ ಬಂತು, ಅದಕ್ಕೆ ಫ್ಯಾನ್ ಇದೆ. ಏರ್‌ಗೂ ಅದೇ ಚಿಪ್, ಅದೇ ಫ್ಯಾನ್ ಇಲ್ಲದ ಮೈಯಲ್ಲಿ ಬರುತ್ತದೆ ಎಂಬುದು ಈವರೆಗಿನ ನಡೆ ನೋಡಿದ ನನ್ನ ಊಹೆ. ಮೆಮೊರಿಯ ಹರಿವು ಎಂ1ರಲ್ಲಿ ಸೆಕೆಂಡಿಗೆ 68 ಜಿಬಿ, ಎಂ4ರಲ್ಲಿ 120, ಎಂ5ರಲ್ಲಿ 153. ಲ್ಯಾಪ್‌ಟಾಪ್‌ನಲ್ಲೇ ಎಐ ಮಾದರಿ ಓಡಿಸುವವರಿಗೆ ಈ ಅಂಕಿ ದೊಡ್ಡದು. ಉಳಿದವರು ನೋಡಬೇಕಾದದ್ದು ಬೇರೆ: ಹೊಸ ಚಿಪ್‌ಗಳು ಪೂರ್ತಿ ಹೊರೆಯಲ್ಲಿ ಎಂ1ಕ್ಕಿಂತ ಹೆಚ್ಚು ವಾಟ್ ಎಳೆಯುತ್ತವೆ, ಏರ್‌ನ ಮೈಗೆ ಮಾತ್ರ ಈಗಲೂ ಫ್ಯಾನ್ ಇಲ್ಲ. ಚುಟುಕು ಕೆಲಸ ಬಹಳ ಬೇಗ ಮುಗಿಯುತ್ತದೆ. ಉದ್ದದ ಕೆಲಸದಲ್ಲಿ, ನಮ್ಮ 33 ಡಿಗ್ರಿಯಲ್ಲಿ, ಎಂ4ಕ್ಕೂ ಎಂ5ಕ್ಕೂ ಇರುವ ಅಂತರ ಕುಗ್ಗಬೇಕು. ಎಂ4 ಏರ್ 16 ಜಿಬಿಯಿಂದ ಶುರು, ಬಂದಾಗಿನ ಬೆಲೆ 99,900, ಎರಡು ಮಾನಿಟರ್‌ಗಳನ್ನು ಮುಚ್ಚಳ ತೆರೆದಿಟ್ಟೇ ಹಾಕಬಹುದು. 2025ರ ಕೊನೆಯಿಂದ ಮೆಮೊರಿ ಚಿಪ್‌ಗಳ ಬೆಲೆ ಏರುತ್ತಿರುವಾಗ, ರಿಯಾಯಿತಿಯ ಎಂ4 ಸಿಕ್ಕರೆ ಬಿಡಬೇಡಿ ಎನ್ನುವುದು ನನ್ನ ಸಲಹೆ. ಎಂ1 16 ಜಿಬಿ ಇರುವವರಿಗೆ ಅವಸರವೇ ಇಲ್ಲ. ಮ್ಯಾಕ್‌ಓಎಸ್‌ನ 2025ರ ಟಾಹೊ ಆವೃತ್ತಿಯೂ ಅದರಲ್ಲಿ ಓಡುತ್ತದೆ.

ವಿಂಡೋಸ್ ಬೇಕಾದವರಿಗೂ ವಾಟ್‌ನ ಲೆಕ್ಕವೇ. ಇಂಟೆಲ್‌ನಲ್ಲಿ ಹೆಸರಿನ ಕೊನೆಗೆ 'ವಿ' ಇರುವ ಕೋರ್ ಅಲ್ಟ್ರಾ 200 ಲೂನಾರ್ ಲೇಕ್: ತಂಪಾಗಿ ಓಡುತ್ತದೆ, ಮೆಮೊರಿ ಚಿಪ್ ಜೊತೆಗೇ ಇದ್ದು 16 ಅಥವಾ 32 ಜಿಬಿ ಮಾತ್ರ. ಅದರ ನಂತರದ ಪ್ಯಾಂಥರ್ ಲೇಕ್‌ನ ಸಿಪಿಯು ಭಾಗ ಇಂಟೆಲ್‌ನ ಸ್ವಂತ 18ಎ ತಯಾರಿಕಾ ಪ್ರಕ್ರಿಯೆಯದು. ಎಎಂಡಿಯಲ್ಲಿ ಹೆಸರು ನೋಡಿ ಮೋಸಹೋಗಬೇಡಿ: ರೈಜನ್ 7000 ಸರಣಿಯಲ್ಲಿ ಮೂರನೇ ಅಂಕಿಯೇ ಒಳಗಿನ 'ಜೆನ್' ವಿನ್ಯಾಸದ ತಲೆಮಾರು. 7520ಯು ಅಂದರೆ ಜೆನ್ 2, 7730ಯು ಜೆನ್ 3, 7840ಯು ಜೆನ್ 4. ಅಂಗಡಿಯಲ್ಲಿ ಮೂರಕ್ಕೂ "7000 ಸೀರೀಸ್" ಎಂದೇ ಹೇಳುತ್ತಾರೆ. ಆರ್ಮ್ ವಿನ್ಯಾಸದ ಸ್ನ್ಯಾಪ್‌ಡ್ರ್ಯಾಗನ್ ಎಕ್ಸ್ ಚಿಪ್ ಬ್ಯಾಟರಿಗೆ ಚೆಂದ, ಆದರೆ ಜಿಎಸ್‌ಟಿಯ ಡಿಜಿಟಲ್ ಸಹಿ ಟೋಕನ್, ಹಳೆಯ ಪ್ರಿಂಟರ್ ಇದ್ದರೆ ಅವಕ್ಕೆ ಆರ್ಮ್ ಡ್ರೈವರ್ ಇದೆಯೇ ಎಂದು ಮೊದಲೇ ವಿಚಾರಿಸಿ. ಪ್ರೋಗ್ರಾಂಗಳು ಎಮ್ಯುಲೇಶನ್‌ನಲ್ಲಿ ಓಡುತ್ತವೆ, ಡ್ರೈವರ್‌ಗಳು ಓಡುವುದಿಲ್ಲ.

ಮಂಗಳೂರಿನ ಹಂಪನಕಟ್ಟೆ, ಬಿಜೈಯ ಎಸಿ ಶೋರೂಮಿನಲ್ಲಿ ಐದು ನಿಮಿಷ ಮುಟ್ಟಿ ನೋಡಿದರೆ ಇದ್ಯಾವುದೂ ತಿಳಿಯುವುದಿಲ್ಲ. ಸ್ನೇಹಿತರ ಹತ್ತಿರ ಅದೇ ಮಾದರಿ ಇದ್ದರೆ ಮಧ್ಯಾಹ್ನ ಎರಡು ಗಂಟೆಗೆ, ಎಸಿ ಇಲ್ಲದ ಕೋಣೆಯಲ್ಲಿ, ಚಿಪ್‌ನ ವೇಗ ಅಳೆಯುವ ಸಿನಿಬೆಂಚ್ ಆರ್23 ಪ್ರೋಗ್ರಾಂನ ಮಲ್ಟಿ ಕೋರ್ ಪರೀಕ್ಷೆ ಒಮ್ಮೆ ಒಂದೇ ಸುತ್ತು, ಆಮೇಲೆ 30 ನಿಮಿಷದ ಆಯ್ಕೆಯಲ್ಲಿ ಓಡಿಸಿ. ಎರಡು ಅಂಕಗಳನ್ನೂ ಬರೆದಿಟ್ಟುಕೊಳ್ಳಿ. ನಿಮ್ಮ ಕೆಲಸ ಉದ್ದದ್ದಾದರೆ ಎರಡನೆಯದನ್ನೇ ಬೇರೆ ಲ್ಯಾಪ್‌ಟಾಪ್ ಜೊತೆ ಹೋಲಿಸಿ.