ಎರಡೂ ತೋಳಿಗೆ ಬಿಪಿ ನೋಡುವ ಸ್ಕ್ಯಾನಿಂಗ್ ಸೆಂಟರ್

ಐದಕ್ಕೆ ನಾಲ್ಕು ಸ್ಟಾರ್. ಬೈಯುವುದೂ ಒಂದಿಷ್ಟು ಇರುವುದರಿಂದ ಹೆಸರು ಹಾಕುತ್ತಿಲ್ಲ. ಕಲಬುರಗಿಯಲ್ಲಿ, ಜೇವರ್ಗಿ ರೋಡ್ ಕಡೆ.

ನಮ್ಮ ಅಕ್ಕನಿಗೆ ಚೊಚ್ಚಲ ಬಸಿರಿನಲ್ಲಿ ಬಿಪಿ ಏರಿ ದಿನ ತುಂಬುವ ಮೊದಲೇ ಹೆರಿಗೆ ಮಾಡಿಸಬೇಕಾಯಿತು. ನನಗೂ ಇದು ಚೊಚ್ಚಲು. ಹಾಗಾಗಿ ಡಾಕ್ಟರಮ್ಮ ಎನ್‌ಟಿ ಸ್ಕ್ಯಾನ್ (ಮಗುವಿನ ಕತ್ತಿನ ಹಿಂಭಾಗ ನೋಡುವ ಮೂರನೇ ತಿಂಗಳ ಸ್ಕ್ಯಾನ್) ಜೊತೆಗೇ ಬಿಪಿ ಸ್ಕ್ರೀನಿಂಗ್ ಬರೆದುಕೊಟ್ಟರು. ಅಂದರೆ ಬಸಿರಿನಲ್ಲಿ ಬಿಪಿ ಏರುವ ಕಾಯಿಲೆ, ಪ್ರೀ-ಎಕ್ಲಾಂಪ್ಸಿಯಾ, ಮುಂದೆ ಬರುವ ಅಪಾಯ ಎಷ್ಟು ಅಂತ ನೋಡುವುದು. 11ರಿಂದ 14 ವಾರದೊಳಗೇ ಆಗಬೇಕು. "ಈಗ ಬಿಪಿ ನಾರ್ಮಲ್ ಅದಲ್ಲ, ಯಾಕ ಸುಮ್ನ ರೊಕ್ಕ?" ಅಂದರು ಅತ್ತೆ. ಬಿಪಿ ಏರುವುದು ಸಾಮಾನ್ಯವಾಗಿ 20 ವಾರ ದಾಟಿದ ಮೇಲೆ, ನಿಜ. ಆದರೆ ಮಾಸು ಸರಿಯಾಗಿ ಕೂರದಿದ್ದರೆ ಅದರ ಸುಳಿವು ಮೊದಲೇ ಸಿಗುತ್ತದೆ.

ಇಲ್ಲಿ ನನಗೆ ಇಷ್ಟವಾಗಿದ್ದು ಬಿಪಿ ನೋಡಿದ ರೀತಿ. ಬೇರೆ ಕಡೆ ಬಿಸಿಲಲ್ಲಿ ನಡೆದು ಬಂದವಳನ್ನು ನಿಲ್ಲಿಸಿ, ಬ್ಲೌಸ್ ತೋಳಿನ ಮೇಲೇ ಪಟ್ಟಿ ಸುತ್ತಿಬಿಡುತ್ತಾರೆ ಅಲ್ವಾ? ಇಲ್ಲಿನ ಸಿಸ್ಟರ್ ಮೊದಲು ಕುರ್ಚಿಗೆ ಒರಗಿಸಿ ಕೂರಿಸಿದರು. ಫೋನ್ ಇಸಕೊಂಡರು. "ಕಾಲ ಮ್ಯಾಲ ಕಾಲ ಹಾಕಬ್ಯಾಡ್ರಿ, ಮಾತಾಡಬ್ಯಾಡ್ರಿ" ಅಂದು ಐದು ನಿಮಿಷ ಬಿಟ್ಟರು. ತೋಳಿನ ಕೆಳಗೆ ದಿಂಬು, ಎದೆಮಟ್ಟಕ್ಕೆ. ಎರಡೂ ತೋಳಿಗೆ ನೋಡಿ, ಮತ್ತೊಂದು ಸಲ ನೋಡಿ, ನಾಲ್ಕೂ ಬರೆದುಕೊಂಡರು. ಸ್ಕ್ಯಾನಿನಲ್ಲಿ ಗರ್ಭಕೋಶದ ರಕ್ತನಾಳಕ್ಕೂ ಡಾಪ್ಲರ್ ಹಾಕಿ ರಕ್ತದ ಹರಿವು ನೋಡಿದರು. ಜೊತೆಗೆ ಪಿಎಲ್‌ಜಿಎಫ್ ಅನ್ನುವ ರಕ್ತ ಪರೀಕ್ಷೆ. ಅದು ಮಾಸಿನಿಂದ ಬರುವ ಪ್ರೋಟೀನ್, ಕಡಿಮೆ ಇದ್ದರೆ ಅಪಾಯ ಜಾಸ್ತಿ. ಬಿಲ್ಲಿನಲ್ಲಿ ಭಾರ ಅದೇ.

ಒಂದು ಸ್ಟಾರ್ ಕಳೆದದ್ದು ಕೌಂಟರ್‌ಗೆ. ರಿಪೋರ್ಟಿನಲ್ಲಿ 1:74 ಅಂತ ಕೆಂಪಕ್ಷರ. "ಹೈ ರಿಸ್ಕ್ ಬಂದದ ನೋಡ್ರಿ" ಅಂತ ಹುಡುಗ ಎಲ್ಲರ ಮುಂದೆ ಕೂಗಿ ಮುಂದಿನ ಟೋಕನ್ ಕರೆದ. ನಮ್ಮೆಜಮಾನರ ಮುಖ ಇಷ್ಟಾಯಿತು. ಹೀಗೆ ಹೇಳುವ ಮಾತಾ ಅದು? ನನ್ನಂಥ 74 ಜನರಲ್ಲಿ ಒಬ್ಬರಿಗೆ 37 ವಾರದೊಳಗೆ ಹೆರಿಗೆ ಮಾಡಿಸುವಷ್ಟು ತೊಂದರೆ ಬರಬಹುದು, ಉಳಿದ 73 ಜನರಿಗೆ ಇಲ್ಲ ಅಂತ ಅರ್ಥ. ಡಾಕ್ಟರಮ್ಮ ಬಿಡಿಸಿ ಹೇಳಿದ ಮೇಲೇ ಉಸಿರು ಬಂತು.

ಅವರು ಕೊಟ್ಟಿದ್ದು ದಿನಾ ರಾತ್ರಿ 150 ಮಿಲಿಗ್ರಾಂ ಆಸ್ಪಿರಿನ್, 36 ವಾರದವರೆಗೆ. 16 ವಾರದೊಳಗೇ ಶುರುವಾಗಬೇಕಂತೆ. 2017ರ ಆಸ್ಪ್ರೆ ಅಧ್ಯಯನದಲ್ಲಿ ಇದರಿಂದ ಅವಧಿಗೆ ಮುನ್ನ ಬರುವ ಪ್ರೀ-ಎಕ್ಲಾಂಪ್ಸಿಯಾ 62% ಕಡಿಮೆಯಾಗಿತ್ತು. ಆಸ್ಪಿರಿನ್ ಎಲ್ಲರಿಗೂ ಆಗಿಬರುವುದಿಲ್ಲ, ಮೆಡಿಕಲ್ ಶಾಪಿನಿಂದ ನೀವೇ ತಂದು ನುಂಗಬೇಡಿ.

ಇಷ್ಟು ಖರ್ಚು ಆಗದವರು ಪ್ರತಿ ತಿಂಗಳು 9ನೇ ತಾರೀಖು ಸರ್ಕಾರಿ ಆಸ್ಪತ್ರೆಗೆ ಹೋಗಿ. ಅವತ್ತು ಬಸುರಿಯರಿಗೆ ಬಿಪಿ, ಮೂತ್ರ ಪರೀಕ್ಷೆ ಪುಕ್ಕಟೆ. ಅಕ್ಕ-ಅವ್ವನಿಗೆ ಬಿಪಿ ಇತ್ತಾ ಅನ್ನುವುದನ್ನು ಅವರು ಕೇಳದಿದ್ದರೂ ನೀವೇ ಹೇಳಿ, ತಾಯಿ ಕಾರ್ಡಿನಲ್ಲಿ ಬರೆಸಿ.

ಈ ಸೆಂಟರಿಗೆ ಹೋಗುವವರು ಆಧಾರ್ ಮರೆಯಬೇಡಿ, ಬಸುರಿಯರ ಸ್ಕ್ಯಾನಿಗೆ ಕಾನೂನು ಪ್ರಕಾರ ಬೇಕಾದ ಫಾರ್ಮ್ ಎಫ್ ತುಂಬಬೇಕು. ಲಿಫ್ಟ್ ಇದೆ, ಆದರೆ ಕರೆಂಟ್ ಹೋದರೆ ಮೆಟ್ಟಿಲೇ ಗತಿ.